ಗಾಜಿನ ಫಲಕಗಳಲ್ಲಿ ಉಳಿದ ರೈಲು ಪಟ್ಟಣ

ಊರೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅರಸುವುದು ದಾಖಲೆ ಪುಸ್ತಕಗಳನ್ನು, ಹಿರಿಯರ ನೆನಪುಗಳನ್ನು. ಛಾಯಾಚಿತ್ರಗಳಿಗೆ ದೊರೆಯುವುದು ಬಹುಮಟ್ಟಿಗೆ ಪುಟದ ಅಲಂಕಾರದ ಸ್ಥಾನ ಮಾತ್ರ. ಆದರೆ ಬರಹ ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳುವುದುಂಟು. ಚಿತ್ರ ಮರೆಮಾಡಿದ್ದನ್ನು ಬರಹದಲ್ಲಿ ಹುಡುಕಬೇಕಾಗುವುದೂ ಉಂಟು. ಅಮೆರಿಕದ ಯೂಟಾ ಪ್ರದೇಶದ ಕೊರಿನ್ ಎಂಬ ಚಿಕ್ಕ ರೈಲು ಪಟ್ಟಣದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

1860ರ ದಶಕದಲ್ಲಿ ಎರಡು ಕಂಪೆನಿಗಳು ಆ ವಿಶಾಲ ಖಂಡಕ್ಕೆ ಅಡ್ಡಲಾಗಿ ರೈಲುಮಾರ್ಗ ಹಾಕುತ್ತಿದ್ದವು. ಸೆಂಟ್ರಲ್ ಪೆಸಿಫಿಕ್ ಕ್ಯಾಲಿಫೋರ್ನಿಯದಿಂದ ಪೂರ್ವಕ್ಕೂ, ಯೂನಿಯನ್ ಪೆಸಿಫಿಕ್ ನೆಬ್ರಾಸ್ಕದಿಂದ ಪಶ್ಚಿಮಕ್ಕೂ ಸಾಗಿದವು. ಎರಡೂ ಸಂಧಿಸುವ ಕಾಲ ಹತ್ತಿರವಾದಾಗ, 1869ರ ಮಾರ್ಚ್ ತಿಂಗಳಲ್ಲಿ ಬೇರ್ ನದಿಯ ದಡದಲ್ಲಿ ಕೊರಿನ್ ಜನ್ಮ ತಾಳಿತು. ಮಾರ್ಮನ್ ಪಂಥೀಯರೇ ಹೆಚ್ಚಾಗಿದ್ದ ಆ ಪ್ರದೇಶದಲ್ಲಿ ಅನ್ಯರಾದ ವರ್ತಕರು ಕಟ್ಟಿದ ಊರು ಅದು. ಎರಡು ಮಾರ್ಗಗಳ ಜಂಕ್ಷನ್ ತಮ್ಮಲ್ಲಿಯೇ ಆಗುವುದೆಂದು ಅವರು ನಂಬಿದ್ದರು.

ಅದೇ ವರ್ಷ ಆಂಡ್ರೂ ಜೆ. ರಸೆಲ್ ಎಂಬ ಛಾಯಾಗ್ರಾಹಕನು ಯೂನಿಯನ್ ಪೆಸಿಫಿಕ್ ಕಂಪೆನಿಯ ಪರವಾಗಿ ಆ ಮಾರ್ಗದ ಚಿತ್ರಗಳನ್ನು ತೆಗೆಯುತ್ತಿದ್ದನು. ಅಂದಿನ ಛಾಯಾಗ್ರಹಣ ಇಂದಿನಂತೆ ಸುಲಭವಾಗಿರಲಿಲ್ಲ. ದೊಡ್ಡ ಗಾಜಿನ ಫಲಕಕ್ಕೆ ಕೊಲೋಡಿಯನ್ ಲೇಪಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಒಡನೆಯೇ ಕತ್ತಲ ಗುಡಾರದಲ್ಲಿ ಸಂಸ್ಕರಿಸಬೇಕಾಗಿತ್ತು. ಫಲಕಕ್ಕೆ ಹಲವು ಕ್ಷಣಗಳ ಬೆಳಕು ಬೇಕಾದುದರಿಂದ ಅಲುಗಾಡದೆ ನಿಂತವರು ಸ್ಪಷ್ಟವಾಗಿ ಮೂಡಿದರು. ಕೆಲಸದಲ್ಲಿ ಓಡಾಡುತ್ತಿದ್ದವರು ಮಸುಕಾದರು, ಇಲ್ಲವೇ ಮಾಯವಾದರು. ಹಳೆಯ ಚಿತ್ರಗಳಲ್ಲಿ ಪೇಟೆ ಬೀದಿಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ.

ರಸೆಲ್ ತೆಗೆದ ಕೊರಿನ್ ಚಿತ್ರಗಳಲ್ಲಿ ಕಾಣುವುದು ಹಲಗೆ ಮತ್ತು ಕ್ಯಾನ್ವಾಸ್ ಬಟ್ಟೆಯ ಅಂಗಡಿಗಳು, ಗುಡಾರಗಳು, ಮಣ್ಣಿನ ಬೀದಿ. ಊರು ನಿಲ್ಲುವುದೋ ಕರಗುವುದೋ ಎಂಬುದು ಇನ್ನೂ ನಿಶ್ಚಯವಾಗದ ಕಾಲವದು. ಜಂಕ್ಷನ್ ಕೊನೆಗೆ ಆಗ್ಡನ್ ನಗರದ ಪಾಲಾಯಿತು. ಆದರೂ ಕೊರಿನ್ ಎದೆಗುಂದಲಿಲ್ಲ. ಉತ್ತರದ ಮೊಂಟಾನ ಗಣಿಗಳಿಗೆ ಬಂಡಿಗಳಲ್ಲಿ ಸರಕು ಸಾಗಿಸುವ ಕೇಂದ್ರವಾಗಿ ಬೆಳೆಯಿತು. 1870ರಲ್ಲಿ ಅಲ್ಲಿ ಕಟ್ಟಿದ ಮೆಥಡಿಸ್ಟ್ ದೇವಾಲಯ ಇಂದಿಗೂ ನಿಂತಿದೆ. 1871ರಲ್ಲಿ ಊರಿನ ಹೆಸರನ್ನೇ ಹೊತ್ತ ಉಗಿಹಡಗೊಂದು ನೀರಿಗಿಳಿಯಿತು. ಆದರೆ ಆ ದಶಕದ ಕೊನೆಯ ಹೊತ್ತಿಗೆ ಉತ್ತರಕ್ಕೆ ಬೇರೆ ರೈಲುಮಾರ್ಗ ಸಾಗಿ ಬಂಡಿ ವ್ಯಾಪಾರ ಕ್ಷೀಣಿಸಿತು. 1904ರಲ್ಲಿ ಮಹಾ ಉಪ್ಪಿನ ಸರೋವರವನ್ನು ದಾಟುವ ನೇರ ಮಾರ್ಗ ತೆರೆದ ಮೇಲೆ ಕೊರಿನ್ ಮುಖ್ಯ ಮಾರ್ಗದಿಂದ ದೂರವಾಯಿತು. 1942ರಲ್ಲಿ, ಯುದ್ಧಕ್ಕೆ ಉಕ್ಕು ಬೇಕಾದಾಗ, ಪಶ್ಚಿಮದ ಪ್ರಾಮಂಟರಿ ಕಡೆಯ ಹಳೆಯ ಕಂಬಿಗಳನ್ನೇ ಕಿತ್ತರು. ರೈಲು ತಂದ ಭಾಗ್ಯವನ್ನು ರೈಲೇ ಕೊಂಡೊಯ್ದಿತು.

ಕೊರಿನ್‌ನ ಪಶ್ಚಿಮಕ್ಕಿರುವ ಆ ಪ್ರಾಮಂಟರಿಯಲ್ಲಿಯೇ 1869ರ ಮೇ 10ರಂದು ಎರಡು ಮಾರ್ಗಗಳೂ ಕೂಡಿದವು. ಎದುರುಬದುರಾಗಿ ನಿಂತ ಎಂಜಿನುಗಳ ನಡುವೆ ಕೈಕುಲುಕುವ ಜನರ ಚಿತ್ರ ರಸೆಲ್‌ನದೇ, ಅದು ಲೋಕಪ್ರಸಿದ್ಧ. ಸೆಂಟ್ರಲ್ ಪೆಸಿಫಿಕ್ ಮಾರ್ಗಕ್ಕಾಗಿ ಬಂಡೆ ಸೀಳಿ, ಹಿಮದಲ್ಲಿ ದುಡಿದವರಲ್ಲಿ ಬಹುಪಾಲು ಚೀನೀಯರು. ಅವರ ಸಂಖ್ಯೆ 10,000ಕ್ಕೂ ಮಿಕ್ಕಿತ್ತು. ಆದರೆ ಆ ಪ್ರಸಿದ್ಧ ಚಿತ್ರದಲ್ಲಿ ಎದ್ದು ಕಾಣುವಂತೆ ಅವರಲ್ಲಿ ಒಬ್ಬನೂ ಇಲ್ಲ. ಅದೇ ರಸೆಲ್ ತೆಗೆದ ಇನ್ನೊಂದು ಚಿತ್ರದಲ್ಲಿ, ಕೊನೆಯ ಕಂಬಿಯ ಬಳಿ, ಅವರು ಕಾಣಸಿಗುತ್ತಾರೆ. ಆ ಚಿತ್ರಕ್ಕೆ ಮಾತ್ರ ಅಷ್ಟು ಪ್ರಚಾರ ದೊರೆಯಲಿಲ್ಲ.

ಇದಕ್ಕಿಂತ ಮನ ಕಲಕುವ ಸಂಗತಿ ಇನ್ನೊಂದಿದೆ. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ 10 ಮೈಲಿ ಕಂಬಿ ಹಾಸಿದರು. ಕಂಬಿ ಎತ್ತಿಹಾಕಿದ ಎಂಟು ಮಂದಿ ಐರಿಷ್ ಕಾರ್ಮಿಕರ ಹೆಸರುಗಳು ಚರಿತ್ರೆಯಲ್ಲಿ ದಾಖಲಾಗಿವೆ. ಅದು ಉಚಿತವೇ, ಬೆವರು ಸುರಿಸಿದ ಆ ಬಡವರಿಗೆ ಸಲ್ಲಬೇಕಾದ ಗೌರವವೇ. ಆದರೆ ಅವರೊಡನೆ ಅದೇ ದಿನ ದುಡಿದ ಚೀನೀಯರ ಹೆಸರುಗಳು ಉಳಿಯಲಿಲ್ಲ. ಸಂಬಳದ ಪಟ್ಟಿಗಳಲ್ಲಿ ಬಹುಮಟ್ಟಿಗೆ ತಂಡದ ಮೇಸ್ತ್ರಿಯ ಅಥವಾ ಗುತ್ತಿಗೆದಾರನ ಹೆಸರು ಮಾತ್ರ ಕಾಣುತ್ತದೆ. 2014ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯು ಆ ಚೀನೀ ಕಾರ್ಮಿಕರನ್ನು ತನ್ನ ಗೌರವ ಮಂದಿರದಲ್ಲಿ ಸ್ಮರಿಸಿತು. ಅವರು ದುಡಿದು 145 ವರ್ಷಗಳಾದ ಮೇಲೆ ಸಂದ ಆ ಗೌರವವೂ ಸಮೂಹಕ್ಕೇ ಸಂದಿತು.

ರಸೆಲ್‌ನ 600ಕ್ಕೂ ಹೆಚ್ಚು ಗಾಜಿನ ಫಲಕಗಳು ಕ್ಯಾಲಿಫೋರ್ನಿಯದ ಓಕ್ಲೆಂಡ್ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿವೆ. ಗಾಜು ಉಳಿಯಿತು, ಬೀದಿ ಉಳಿಯಿತು, ಮುಖಗಳೂ ಉಳಿದವು. ಉಳಿಯದೆ ಹೋದುದು ಹೆಸರುಗಳು.

ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ಮನೆಗಳ ಪೆಟ್ಟಿಗೆಗಳಿಂದಲೂ ಹಳೆಯ ಚಿತ್ರಗಳು ಹೊರಬರುವುದು ಸಹಜ. ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರ ಹೆಸರುಗಳನ್ನು ಯಾರಾದರೂ ಹೇಳಿಯಾರು. ಹಿಂದಿನ ಸಾಲಿನ ಕೊನೆಯಲ್ಲಿ ನಿಂತ ಗಾರೆ ಕೆಲಸದವನು, ಕಲ್ಲು ಹೊತ್ತ ಹೆಂಗಸು ಯಾರೆಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದರೆ, ಇಂದೇ ಅವರನ್ನು ಕೇಳಿ ಚಿತ್ರದ ಬೆನ್ನಮೇಲೆ ಆ ಹೆಸರುಗಳನ್ನು ಬರೆದಿಡೋಣ.