ಹಳೆಯ ಭಾವಚಿತ್ರಗಳಲ್ಲಿ ಪುರುಷ ಸೌಂದರ್ಯ

ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಗೋಡೆಗೆ ತೂಗಹಾಕಿದ ಭಾವಚಿತ್ರಗಳನ್ನು ನಾವು ಕಾಣುತ್ತೇವೆ. ತಲೆಗೆ ರುಮಾಲು, ಮೈಗೆ ಕರಿಯ ಕೋಟು, ಕಚ್ಚೆ ಹಾಕಿದ ಧೋತರ, ಹುರಿಗೊಳಿಸಿದ ಮೀಸೆ, ನೇರವಾದ ನೋಟ. ಮನೆಗೆ ಬಂದವರು ಅವುಗಳೆದುರು ಕ್ಷಣಕಾಲ ನಿಂತು, ‘ಎಂಥ ರೂಪವಂತರಿದ್ದರು!’ ಎಂದು ಉದ್ಗರಿಸುವುದುಂಟು. ಈ ಮೆಚ್ಚುಗೆಗೆ ಸಂಕೋಚಪಡಬೇಕಾದುದೇನೂ ಇಲ್ಲ. ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಬಂಡೆಯಲ್ಲಿ ಸುಮಾರು 57 ಅಡಿ ಎತ್ತರದ ಬಾಹುಬಲಿಯನ್ನು ಕಂಡರಿಸಿದ ನಾಡು ನಮ್ಮದು. ಜೈನ ಪರಂಪರೆ ಆತನನ್ನು ಕಾಮದೇವರಲ್ಲಿ ಮೊದಲಿಗನೆಂದು ಎಣಿಸುತ್ತದೆ. ಪುರುಷನ ಚೆಲುವನ್ನು ಗೌರವದಿಂದ ನೋಡುವುದು ಕನ್ನಡಿಗರಿಗೆ ಹೊಸತಲ್ಲ.

ಆದರೆ ಭಾವಚಿತ್ರದ ಚೆಲುವು ಹೇಗೆ ಮೂಡಿತೆಂಬುದನ್ನೂ ಅರಿಯುವುದು ಉಚಿತ. 1839ರಲ್ಲಿ ಲೋಕಕ್ಕೆ ಪ್ರಕಟವಾದ ಛಾಯಾಗ್ರಹಣ ಕಲೆಗೆ ಆರಂಭದಲ್ಲಿ ದೀರ್ಘಕಾಲದ ಬೆಳಕು ಬೇಕಾಗುತ್ತಿತ್ತು. ಕುಳಿತವರು ಅಲುಗಾಡಬಾರದೆಂದು ಕತ್ತಿನ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. ಅಷ್ಟು ಹೊತ್ತು ನಗೆಯನ್ನು ಹಿಡಿದಿಡುವುದು ಕಷ್ಟ. ಮುಂದೆ ಶೀಘ್ರಗ್ರಾಹಿ ಗಾಜಿನ ಫಲಕಗಳು ಬಂದರೂ ಗಾಂಭೀರ್ಯವೇ ರೂಢಿಯಾಗಿ ಉಳಿಯಿತು. ನಾವು ಹಿರಿಯರ ಧೀರತೆಯೆಂದು ತಿಳಿಯುವುದರಲ್ಲಿ ಒಂದು ಪಾಲು ಕ್ಯಾಮೆರಾದ ಕಟ್ಟಳೆಯದು.

ನಮ್ಮ ಭಾಗದಲ್ಲಿ ಇಂಥ ರೂಪಕ್ಕೆ ಎರಡು ನೆಲೆಗಳಿದ್ದವು. ಒಂದು ಗರಡಿಮನೆ. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ನೀಡಿದ ಆಶ್ರಯ, 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನ, ಗಡಿಯ ಈಚೆಗೂ ಪೈಲವಾನರನ್ನು ಹುರಿದುಂಬಿಸಿದವು. ಇನ್ನೊಂದು ರಂಗಭೂಮಿ. ಮೂಡಲಗಿಗೆ ಸಮೀಪದ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದ ಶ್ರೀಕೃಷ್ಣ ಪಾರಿಜಾತ ಈ ನೆಲದ ಹೆಮ್ಮೆ. ಗಂಡಸರೇ ಹೆಣ್ಣು ಪಾತ್ರ ವಹಿಸುತ್ತಿದ್ದ ಕಾಲವದು. ಮರಾಠಿ ರಂಗದ ಬಾಲಗಂಧರ್ವರು (1888–1967) ಸ್ತ್ರೀವೇಷದಲ್ಲಿ ಎಷ್ಟು ಮೋಹಕರಾಗಿದ್ದರೆಂದರೆ, ಅವರು ಸೀರೆ ಉಡುವ ರೀತಿಯನ್ನು ಮನೆಯ ಹೆಂಗಸರೇ ಅನುಕರಿಸಿದರು.

ದೇಹಸೌಷ್ಠವವನ್ನು ಛಾಯಾಚಿತ್ರದ ಮೂಲಕ ಲೋಕಪ್ರಿಯಗೊಳಿಸಿದವನು ಪ್ರಶಿಯದಲ್ಲಿ ಜನಿಸಿದ ಯೂಜೆನ್ ಸ್ಯಾಂಡೋ (1867–1925). ಪ್ರಾಚೀನ ಶಿಲ್ಪಗಳ ಭಂಗಿಯಲ್ಲಿ ನಿಂತ ಆತನ ಚಿತ್ರಗಳು ದೇಶವಿದೇಶಗಳಲ್ಲಿ ಮಾರಾಟವಾದವು. 1904–05ರಲ್ಲಿ ಆತ ಭಾರತಕ್ಕೂ ಬಂದಿದ್ದ. ಕನ್ನಡ ನಾಡಿನಲ್ಲಿ ಆ ಬಗೆಯ ಕೀರ್ತಿಗೆ ಪಾತ್ರರಾದವರು ಕೆ. ವಿ. ಅಯ್ಯರ್ (1897–1980). ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರವನ್ನೂ ಭಾರ ಎತ್ತುವ ಸಾಧನೆಯನ್ನೂ ಜೊತೆಗೂಡಿಸಿ, ಅಂಚೆಯ ಮೂಲಕವೂ ಶಿಷ್ಯರಿಗೆ ಪಾಠ ಕಲಿಸಿದವರು. ಅವರ ಇಂಗ್ಲಿಷ್ ಪುಸ್ತಕಗಳಲ್ಲಿ ಅಚ್ಚಾದ ಅವರದೇ ಚಿತ್ರಗಳು ಇಂದಿಗೂ ನೋಡುಗರನ್ನು ಬೆರಗುಗೊಳಿಸುತ್ತವೆ. ಚೆಲುವು ಹುಟ್ಟಿನಿಂದ ಬರುವ ಭಾಗ್ಯ ಮಾತ್ರವಲ್ಲ, ಶಿಸ್ತಿನಿಂದ ಗಳಿಸಬಹುದಾದ ಸಂಪತ್ತು ಎಂಬುದು ಅವರ ನಂಬಿಕೆಯಾಗಿತ್ತು.

ಅದೇ ಅಯ್ಯರ್ ಅವರು ‘ರೂಪದರ್ಶಿ’ ಎಂಬ ಕಾದಂಬರಿಯನ್ನು ಬರೆದರೆಂಬುದು ಅರ್ಥಪೂರ್ಣವಾಗಿದೆ. ಮಹಾಕಲಾವಿದ ಮೈಕೆಲೇಂಜೆಲೊ ಬಾಲಯೇಸುವಿನ ಚಿತ್ರಕ್ಕಾಗಿ ಸುಂದರ ಬಾಲಕನೊಬ್ಬನನ್ನು ಮಾದರಿಯಾಗಿ ಆರಿಸುತ್ತಾನೆ. ವರ್ಷಗಳ ತರುವಾಯ ದ್ರೋಹಿ ಯೂದಾಸನ ಮುಖಕ್ಕಾಗಿ ಅಲೆದು, ದುರ್ಮಾರ್ಗದಿಂದ ವಿರೂಪಗೊಂಡ ಒಬ್ಬನನ್ನು ಹುಡುಕಿ ತರುತ್ತಾನೆ. ಇಬ್ಬರೂ ಒಬ್ಬನೇ ಎಂದು ಕೊನೆಗೆ ತಿಳಿಯುತ್ತದೆ. ಲಿಯೊನಾರ್ಡೊನ ‘ಕಡೆಯ ಭೋಜನ’ ಚಿತ್ರದ ಬಗ್ಗೆಯೂ ಇಂಥ ಕಥೆ ಪ್ರಚಲಿತವಿದೆ. ಇದು ಚರಿತ್ರೆಯಲ್ಲ, ಕಥೆ. ಆದರೂ ತನ್ನ ದೇಹವನ್ನೇ ಶಿಲ್ಪದಂತೆ ಕಡೆದುಕೊಂಡ ವ್ಯಕ್ತಿಯೇ, ರೂಪವು ಬಾಳಿನ ನಡತೆಗೆ ತಕ್ಕಂತೆ ಮಾರ್ಪಡುತ್ತದೆಂಬ ಈ ಕಥೆಯನ್ನು ಕನ್ನಡಕ್ಕೆ ಕೊಟ್ಟರೆಂಬುದನ್ನು ಮರೆಯಲಾಗದು. ಭಾವಚಿತ್ರ ಒಂದು ಕ್ಷಣವನ್ನು ಮಾತ್ರ ಬಲ್ಲದು. ಆ ಕ್ಷಣದ ಹಿಂದುಮುಂದನ್ನು ಮನುಷ್ಯನ ಬಾಳೇ ಹೇಳಬೇಕು.

ಇನ್ನೊಂದು ಮಾತು. ಭಾವಚಿತ್ರ ತೆಗೆಸಲು ಹಣ ಬೇಕಿತ್ತು, ಪೇಟೆಗೆ ಹೋಗುವ ಬಿಡುವೂ ಬೇಕಿತ್ತು. ಘಟಪ್ರಭೆಯ ದಂಡೆಯಲ್ಲಿ ನೇಗಿಲು ಹಿಡಿದವರಲ್ಲಿ, 1880ರ ದಶಕದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಎದ್ದ ಗಿರಣಿಯಲ್ಲಿ ನೂಲು ತೆಗೆದವರಲ್ಲಿ ಎಷ್ಟೋ ಮಂದಿ ಸ್ಫುರದ್ರೂಪಿಗಳಿದ್ದಿರಬೇಕು. ಅವರ ಚೆಲುವಿಗೆ ಚೌಕಟ್ಟು ಸಿಗಲಿಲ್ಲ. ಗೋಡೆಯ ಮೇಲೆ ಉಳಿದವರು ಎಲ್ಲರಿಗಿಂತ ಸುಂದರರೆಂದಲ್ಲ, ಅನುಕೂಲವಿದ್ದವರು ಎಂಬುದನ್ನು ನೆನೆಯಬೇಕು.

ಉಳಿದ ಚಿತ್ರಗಳೂ ಈಗ ಗೆದ್ದಲಿಗೂ ತೇವಕ್ಕೂ ತುತ್ತಾಗುತ್ತಿವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹೆಸರು ಅಳಿಯುವುದು. ಮುಖ ಹೇಳಬಲ್ಲ ಕೊನೆಯ ಅಜ್ಜಿ ಕಣ್ಮರೆಯಾದ ದಿನ, ರೂಪವಂತನಾದ ಆ ಯುವಕ ಯಾರೂ ಅಲ್ಲದವನಾಗುತ್ತಾನೆ. ಆದುದರಿಂದ ನಮ್ಮ ವಾಚಕರಲ್ಲಿ ವಿನಂತಿಸುವುದಿಷ್ಟೇ: ಹಿರಿಯರನ್ನು ಕೇಳಿ, ಪ್ರತಿ ಭಾವಚಿತ್ರದ ಹಿಂದೆ ಸೀಸದ ಕಡ್ಡಿಯಿಂದ ಹೆಸರು, ಊರು, ಕಸುಬು, ವರ್ಷಗಳನ್ನು ಬರೆದಿಡಿರಿ. ಚೆಲುವನ್ನು ಮೆಚ್ಚಿದ ಮೇಲೆ ಚೆಲುವನನ್ನೂ ಅರಿಯುವುದು ನಮ್ಮ ಕರ್ತವ್ಯ.