ವೈಟ್ ಸ್ಮೋಕ್ (ಕಾದಂಬರಿ)

ವೈಟ್ ಸ್ಮೋಕ್ ಅಮೆರಿಕದ ಲೇಖಕಿ ಟಿಫನಿ ಡಿ. ಜಾಕ್ಸನ್ ಅವರು ಹದಿಹರೆಯದ ಓದುಗರಿಗಾಗಿ ಬರೆದ ಇಂಗ್ಲಿಷ್ ಭಯಾನಕ ಕಾದಂಬರಿ. ಇದು 2021ರ ಸೆಪ್ಟೆಂಬರ್‌ನಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆಯ ಕ್ಯಾಥರಿನ್ ಟೀಗನ್ ಬುಕ್ಸ್ ವಿಭಾಗದಿಂದ ಪ್ರಕಟವಾಯಿತು. ದೆವ್ವದ ಮನೆಯ ಕಥೆಯ ಚೌಕಟ್ಟಿನಲ್ಲಿ ವರ್ಣಭೇದ, ವಸತಿ ಅನ್ಯಾಯ ಹಾಗೂ ಮಾದಕದ್ರವ್ಯ ಕಾನೂನುಗಳ ಪರಿಣಾಮವನ್ನು ಇದು ಚಿತ್ರಿಸುತ್ತದೆ.

ಲೇಖಕಿ

ಜಾಕ್ಸನ್ ಅವರ ಮೊದಲ ಕಾದಂಬರಿ 'ಅಲೆಜೆಡ್ಲಿ' 2017ರಲ್ಲಿ ಹೊರಬಂದಿತು. 'ಮಂಡೇಸ್ ನಾಟ್ ಕಮಿಂಗ್' (2018) ಕೃತಿಗೆ 2019ರಲ್ಲಿ ಹೊಸ ಪ್ರತಿಭೆಗೆ ಮೀಸಲಾದ ಕೊರೆಟ್ಟಾ ಸ್ಕಾಟ್ ಕಿಂಗ್–ಜಾನ್ ಸ್ಟೆಪ್ಟೋ ಪ್ರಶಸ್ತಿ ಲಭಿಸಿತು. ಕಪ್ಪು ಹುಡುಗಿಯರ ಮಾತನ್ನು ಸಮಾಜ ನಂಬದಿರುವುದು ಅವರ ಕೃತಿಗಳಲ್ಲಿ ಮರುಕಳಿಸುವ ವಿಷಯ. ಈ ಕಾದಂಬರಿಯ ನಂತರ 2022ರಲ್ಲಿ 'ದ ವೇಟ್ ಆಫ್ ಬ್ಲಡ್' ಎಂಬ ಮತ್ತೊಂದು ಭಯಾನಕ ಕಾದಂಬರಿ ಪ್ರಕಟವಾಯಿತು.

ಕಥಾವಸ್ತು

ಕಥಾನಾಯಕಿ ಮ್ಯಾರಿಗೋಲ್ಡ್ (ಮ್ಯಾರಿ) ಮಾದಕ ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ಕಪ್ಪು ತರುಣಿ. ತೀವ್ರ ಆತಂಕದಿಂದ ಬಳಲುವ ಆಕೆಗೆ ತಿಗಣೆಗಳೆಂದರೆ ವಿಪರೀತ ಭಯ. ತಾಯಿ ರಾಕೆಲ್‌ಗೆ ಸ್ಟರ್ಲಿಂಗ್ ಫೌಂಡೇಶನ್ ಎಂಬ ಸಂಸ್ಥೆಯಲ್ಲಿ ಉಚಿತ ಮನೆಯ ಸಹಿತ ಕೆಲಸ ದೊರೆತಾಗ, ಕುಟುಂಬವು ಕ್ಯಾಲಿಫೋರ್ನಿಯಾದ ಕಡಲತೀರದ ಊರನ್ನು ತೊರೆದು ಸೀಡರ್‌ವಿಲ್ ಎಂಬ ಕಾಲ್ಪನಿಕ ನಗರಕ್ಕೆ ತೆರಳುತ್ತದೆ. ತಮ್ಮ ಸ್ಯಾಮಿ, ಮಲತಂದೆ ಅಲೆಕ್ ಹಾಗೂ ಹತ್ತು ವರ್ಷದ ಮಲತಂಗಿ ಪೈಪರ್ ಜೊತೆಗಿರುತ್ತಾರೆ.

ಮೇಪಲ್ ಸ್ಟ್ರೀಟ್‌ನ ಹೊಸ ಮನೆ ಅಚ್ಚುಕಟ್ಟಾಗಿ ನವೀಕರಣಗೊಂಡಿದೆ. ಸುತ್ತಲಿನವೆಲ್ಲ ಪಾಳುಬಿದ್ದ ಮನೆಗಳು. ವಸ್ತುಗಳು ಕಾಣೆಯಾಗುತ್ತವೆ, ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ, ಗೋಡೆಗಳಿಂದ ಧ್ವನಿಗಳು ಕೇಳಿಸುತ್ತವೆ. ದುರ್ವಾಸನೆಯೊಂದು ಮ್ಯಾರಿಗೆ ಮಾತ್ರ ತಟ್ಟುತ್ತದೆ. ಮ್ಯಾರಿ ಇಲ್ಲಿಂದ ಹೊರಟುಹೋಗಬೇಕೆಂದು ಬಯಸುವ ಮಿಸ್ ಶುಗಾ ಎಂಬ 'ಗೆಳತಿ'ಯ ಬಗ್ಗೆ ಪೈಪರ್ ಹೇಳತೊಡಗುತ್ತಾಳೆ. ಮ್ಯಾರಿಯ ಹಿಂದಿನ ವ್ಯಸನವೇ ಕಾರಣವಾಗಿ ಮನೆಯವರು ಅವಳ ಮಾತನ್ನು ಸುಲಭವಾಗಿ ನಂಬುವುದಿಲ್ಲ. ಅಪಾಯವು ಆ ಮನೆಗಷ್ಟೇ ಸೀಮಿತವಲ್ಲ, ನಗರವೂ ತನ್ನ ರಹಸ್ಯಗಳನ್ನು ಬಚ್ಚಿಟ್ಟಿದೆ ಎಂಬುದು ಕ್ರಮೇಣ ಅವಳ ಅರಿವಿಗೆ ಬರುತ್ತದೆ.

ಸಾಮಾಜಿಕ ವಿಷಯಗಳು

ಹಳೆಯ ಬಡ ಬಡಾವಣೆಗಳನ್ನು ಹಣವಂತರಿಗಾಗಿ ನವೀಕರಿಸಿ, ಅಲ್ಲಿನ ನಿವಾಸಿಗಳನ್ನು ಹೊರದೂಡುವ ಪ್ರಕ್ರಿಯೆ ಕಾದಂಬರಿಯ ಕೇಂದ್ರ ವಿಷಯ. ಸಾಂಪ್ರದಾಯಿಕ ದೆವ್ವದ ಕಥೆಗಳಲ್ಲಿ ಮನೆಯ ಹಳೆಯ ಒಡೆಯರೇ ಹೊಸಬರನ್ನು ಕಾಡುವುದು ರೂಢಿ. ಇಲ್ಲಿ ಆ ರೂಢಿಯೇ, ಮನೆ ಯಾರದು, ಅದು ಹೇಗೆ ಖಾಲಿಯಾಯಿತು ಎಂಬ ರಾಜಕೀಯ ಪ್ರಶ್ನೆಯಾಗುತ್ತದೆ.

ಗಾಂಜಾ ಕಾನೂನು ಎರಡನೆಯ ಎಳೆ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರ ಗಾಂಜಾ ಬಳಕೆಗೆ 2016ರ ಜನಮತದ ಮೂಲಕ ಕಾನೂನಿನ ಮಾನ್ಯತೆ ದೊರೆತಿದೆ. ಸೀಡರ್‌ವಿಲ್‌ನಲ್ಲಾದರೋ ಅದೇ ಗಾಂಜಾದ ಕಾರಣಕ್ಕೆ ಕಪ್ಪು ಜನರು ಸೆರೆಮನೆ ಸೇರಿದ್ದಾರೆ. ಒಂದೇ ವಸ್ತು ಒಂದೆಡೆ ವ್ಯಾಪಾರವೂ ಮತ್ತೊಂದೆಡೆ ಅಪರಾಧವೂ ಆಗುವ ಈ ವೈರುಧ್ಯವು ಮ್ಯಾರಿಯ ಸ್ವಂತ ಬದುಕನ್ನೂ ತಟ್ಟುತ್ತದೆ.

ನಿರೂಪಣೆ

ಕಥೆಯು ಮ್ಯಾರಿಯ ಉತ್ತಮ ಪುರುಷ ನಿರೂಪಣೆಯಲ್ಲಿದೆ. ಆಕೆಯ ಆತಂಕ ಮತ್ತು ಮನೆಯ ವಿಚಿತ್ರ ಘಟನೆಗಳು ಹೆಣೆದುಕೊಂಡಿರುವುದರಿಂದ, ಯಾವುದು ಭ್ರಮೆ, ಯಾವುದು ವಾಸ್ತವ ಎಂಬ ಸಂಶಯ ಓದುಗರಲ್ಲಿ ಉಳಿಯುತ್ತದೆ. ಪ್ರಕಾಶಕರು ಈ ಕೃತಿಯನ್ನು ಶರ್ಲಿ ಜಾಕ್ಸನ್ ಅವರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಕಾದಂಬರಿ ಹಾಗೂ ಜೋರ್ಡನ್ ಪೀಲ್ ನಿರ್ದೇಶನದ 'ಗೆಟ್ ಔಟ್' (2017) ಚಲನಚಿತ್ರಗಳಿಗೆ ಹೋಲಿಸಿದ್ದಾರೆ.