ಸಮುದ್ರಕ್ಕೆ ಹೋಗುವ ನೀರು

ನನ್ನ ಊರು ಮಿಶ್ರಿಕೋಟಿ. ಹುಬ್ಬಳ್ಳಿಗೂ ಕಲಘಟಗಿಗೂ ನಡುವಣ ಸೀಮೆ. ಬೆಳವಲದ ಎರೆಭೂಮಿ ಹಿಂದಾಗಿ ಮಲೆನಾಡಿನ ಸೆರಗು ಕಾಣತೊಡಗುವ ಈ ಭಾಗದಲ್ಲಿ ಕೂರಿಗೆಯಿಂದ ಬತ್ತ ಬಿತ್ತುವುದನ್ನು ನಾನು ಬಾಲ್ಯದಿಂದ ಕಂಡವನು. ನಮ್ಮ ಕಡೆಯ ಹಳ್ಳಗಳ ನೀರು ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ತಳೆದು ಪಡುಗಡಲಿಗೆ ಹೋಗುತ್ತದೆ. ಹುಬ್ಬಳ್ಳಿಯಾಚೆ, ಮೂಡಲ ಇಳಿಜಾರಿನ ಮೇಲೆ ಅದೇ ಮೋಡ ಸುರಿಸಿದ ಮಳೆಯಾದರೋ ಬೆಣ್ಣಿಹಳ್ಳದ ದಾರಿ ಹಿಡಿದು ಮಲಪ್ರಭೆಯನ್ನು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಮೂಡುಗಡಲಿಗೆ ನಡೆಯುತ್ತದೆ. ಎರಡು ಕಡಲುಗಳ ನಡುವಣ ಈ ದಿಣ್ಣೆಯ ಮೇಲೆ ಹುಟ್ಟಿದವನಿಗೆ ನೀರಿನ ವಿಷಯದಲ್ಲಿ ಒಂದೇ ಕಡೆಯ ಮಾತನಾಡುವುದು ಕಷ್ಟ. ಆದರೂ ಒಮ್ಮೆ ಹಾಗೆ ಆಡಿದ್ದೆ. ಈ ಭಾಷಣಕ್ಕೆ ಆ ತಪ್ಪೇ ಪ್ರೇರಣೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಾಹಿತ್ಯ ಗೋಷ್ಠಿಯಲ್ಲಿ ನಾಡು-ನುಡಿಗಳ ವಿಚಾರ ಹೇಳುತ್ತ, ಪಶ್ಚಿಮದ ನದಿಗಳ ನೀರೆಲ್ಲ ವ್ಯರ್ಥವಾಗಿ ಸಮುದ್ರ ಸೇರುತ್ತಿದೆಯೆಂದು ಆವೇಶದಿಂದ ನುಡಿದೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ಅಂಕೋಲೆಯ ಕಡೆಯ ವೃದ್ಧ ಶಿಕ್ಷಕರೊಬ್ಬರು ಹತ್ತಿರ ಬಂದು, “ವ್ಯರ್ಥ ಎಂದಿರಲ್ಲ, ಯಾರಿಗೆ ವ್ಯರ್ಥ?” ಎಂದು ಮೆಲ್ಲಗೆ ಕೇಳಿದರು. ಉತ್ತರ ಹೊಳೆಯಲಿಲ್ಲ. ಹೊಳೆಯ ಸಿಹಿನೀರು ಅಳಿವೆಯಲ್ಲಿ ಕಡಲ ಉಪ್ಪನ್ನು ಹಿಂದಕ್ಕೆ ತಳ್ಳದಿದ್ದರೆ ದಂಡೆಯ ಬಾವಿಗಳು ಕೆಡುತ್ತವೆ, ಮೀನು ಮರಿಮಾಡಲು ಒಳಬರುವುದಿಲ್ಲ, ಬಳಚು ಹೆಕ್ಕಿ ಬದುಕುವವರ ಕೈ ಬರಿದಾಗುತ್ತದೆ, ಗಜನಿ ಭೂಮಿಯ ಬತ್ತ ಬಾಡುತ್ತದೆ ಎಂಬುದನ್ನು ಅವರು ಪಾಠದಂತೆ ವಿವರಿಸಿದರು. ನಾನು ವ್ಯರ್ಥವೆಂದುದು ಅವರ ಊರಿನ ಅನ್ನವಾಗಿತ್ತು.

ಈಗ ಇತಿಹಾಸದ ಕಡೆಗೆ ಬರೋಣ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಜಲಾಶಯದ ಸಾಮರ್ಥ್ಯ ಸುಮಾರು 37.73 ಟಿಎಂಸಿ, ಉದ್ದೇಶಿಸಿದ ನೀರಾವರಿ ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದು. ಕಾಗದದ ಮೇಲಿನ ಈ ಲೆಕ್ಕಕ್ಕೆ ಕಣಕುಂಬಿಯ ಮಳೆ ಸಹಿ ಹಾಕಿರಲಿಲ್ಲ. ಬಹಳಷ್ಟು ವರ್ಷ ಜಲಾಶಯ ತುಂಬಲೇ ಇಲ್ಲ. ಕಾಲುವೆಯ ತುದಿಗೆ ನೀರು ಮುಟ್ಟಲಿಲ್ಲ. ಮುಟ್ಟಿದ ಕೆಲವೆಡೆ ಎರೆಮಣ್ಣು ಜವುಳು ಹಿಡಿಯಿತು. ಆದರೆ ನೀರು ಬಂದು ಭೂಮಿಯ ಬೆಲೆ ಏರಿತೆಂಬ ನೆಪದಲ್ಲಿ ಅಭಿವೃದ್ಧಿ ಕರ ಮಾತ್ರ ತಪ್ಪದೆ ರೈತನ ಮನೆ ಮುಟ್ಟಿತು. ಹತ್ತಿಯ ಧಾರಣೆಯೂ ಕುಸಿದಿದ್ದ ಆ ಹೊತ್ತಿನಲ್ಲಿ, 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ರೈತರ ಸಿಟ್ಟು ಒಡೆಯಿತು. ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ನಾನಾಗ ಧಾರವಾಡದಲ್ಲಿ ವಿದ್ಯಾರ್ಥಿ. ಹಳಗನ್ನಡದ ತರಗತಿಯಲ್ಲಿ ಕುಳಿತಿದ್ದ ನಮ್ಮಲ್ಲಿ ಆ ಭಾಗದ ಹುಡುಗರು ಮರುದಿನ ಬರಲಿಲ್ಲ.

ಆರೇ ತಿಂಗಳ ಬಳಿಕ, 1981ರ ಜನವರಿಯಲ್ಲಿ, ದಿಣ್ಣೆಯ ಇನ್ನೊಂದು ಪಕ್ಕದಲ್ಲಿ ಇನ್ನೊಂದು ಘಟನೆ ನಡೆಯಿತು. ಬೇಡ್ತಿಗೆ ಅಣೆಕಟ್ಟು ಕಟ್ಟಿ ಸುಮಾರು 210 ಮೆಗಾವಾಟ್ ವಿದ್ಯುತ್ತು ತೆಗೆಯುವ ಯೋಜನೆಯನ್ನು ಕುರಿತು ಶಿರಸಿಯಲ್ಲಿ ವಿಚಾರಗೋಷ್ಠಿ ಸೇರಿತು. ಅಡಕೆ ತೋಟಿಗರ ಸಹಕಾರಿ ಸಂಸ್ಥೆ ಕರೆದ ಆ ಗೋಷ್ಠಿಯಲ್ಲಿ ವಿಜ್ಞಾನಿಗಳೂ ಕೃಷಿಕರೂ ಎದುರುಬದುರು ಕುಳಿತು ಲಾಭನಷ್ಟದ ಪಟ್ಟಿಯನ್ನು ಬಿಡಿಸಿ ನೋಡಿದರು. ಮುಳುಗುವ ಕಾಡಿಗೆ, ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಆ ಪಟ್ಟಿಯಲ್ಲಿ ತಕ್ಕ ಬೆಲೆ ಇಲ್ಲವೆಂಬುದು ಬಯಲಾಯಿತು. ಯೋಜನೆ ಹಿಂದೆ ಸರಿಯಿತು. ಮುಂದೆ 2011ರಲ್ಲಿ ಆ ಕಣಿವೆಯ ಒಂದು ಭಾಗ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಪೂರ್ವದ ರೈತ “ನೀರು ಬರಲಿಲ್ಲ” ಎಂದ. ಪಶ್ಚಿಮದ ರೈತ “ನೀರು ತಡೆಯಬೇಡಿ” ಎಂದ. ಇಬ್ಬರೂ ಕನ್ನಡಿಗರೇ, ಒಕ್ಕಲು ಮಕ್ಕಳೇ. ಇಬ್ಬರ ದೂರೂ ವಾಸ್ತವದಲ್ಲಿ ಒಂದೇ: ಲೆಕ್ಕ ಬರೆದವರು ತಮ್ಮನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು. ನಡುವಣ ನಮ್ಮ ಸೀಮೆಯೂ ನಿರ್ಲಿಪ್ತವಲ್ಲ. ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ ಬೇಡ್ತಿಗೆ ಕಟ್ಟಿದ ನೀರಸಾಗರದ ನೀರನ್ನು ಹುಬ್ಬಳ್ಳಿ ದಶಕಗಳಿಂದ ಕುಡಿದಿದೆ. ಅದು ಸಾಲದೆ ಬಂದಾಗ ನಗರ ಮಲಪ್ರಭೆಯತ್ತ ತಿರುಗಿತು. ಹೀಗೆ ಮೊದಲೇ ತುಂಬದ ಜಲಾಶಯಕ್ಕೆ ಮತ್ತೊಬ್ಬ ಪಾಲುದಾರ ಬಂದ.

ಮಹದಾಯಿಯ ಪ್ರಶ್ನೆ ಹುಟ್ಟಿದ್ದು ಈ ಕೊರತೆಯಿಂದ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಗೋವೆಯಲ್ಲಿ ಮಾಂಡವಿಯಾಗುವ ಆ ನದಿಯ ಕಳಸಾ, ಬಂಡೂರಿ ಎಂಬ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ನಮ್ಮ ಬೇಡಿಕೆ. 7.56 ಟಿಎಂಸಿಗೆ 2002ರಲ್ಲಿ ಕೇಂದ್ರದ ತಾತ್ವಿಕ ಒಪ್ಪಿಗೆ ದೊರೆತು, ಗೋವೆಯ ಆಕ್ಷೇಪದಿಂದ ಅದೇ ವರ್ಷ ಸ್ಥಗಿತವಾಯಿತು. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು; 2015ರಿಂದ ನರಗುಂದ-ನವಲಗುಂದಗಳಲ್ಲಿ ದೀರ್ಘ ಧರಣಿ ನಡೆಯಿತು; 2018ರ ಆಗಸ್ಟ್ 14ರಂದು ತೀರ್ಪು ಬಂತು. ಕರ್ನಾಟಕಕ್ಕೆ 13.42, ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. ನಮ್ಮ ಪಾಲನ್ನು ಬಿಡಿಸಿ ನೋಡಿದರೆ 8.02 ವಿದ್ಯುತ್ತಿಗೆ, 1.5 ಆ ಕಣಿವೆಯೊಳಗಣ ಬಳಕೆಗೆ. ಮಲಪ್ರಭೆಗೆ ಹರಿಯಬೇಕಾದುದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಮಾತ್ರ. ಹದಿಮೂರು ಎಂದು ಪಟಾಕಿ ಸಿಡಿಸಿದವರೂ, ಹದಿಮೂರು ಎಂದು ಎದೆ ಬಡಿದುಕೊಂಡವರೂ ಈ ವಿಂಗಡಣೆಯನ್ನು ಓದಿದಂತೆ ಕಾಣಲಿಲ್ಲ.

ಕುಡಿಯುವ ನೀರು, ಬೆಳೆ, ವಿದ್ಯುತ್ತು, ನದಿಯ ಜೀವ ಎಂಬ ನಾಲ್ವರು ಪಾಲುದಾರರಲ್ಲಿ ಕೊನೆಯವನಿಗೆ ಮಾನ್ಯತೆ ಬಂದದ್ದು ತಡವಾಗಿ. ರಾಷ್ಟ್ರೀಯ ಜಲನೀತಿಯ 1987ರ ಆದ್ಯತೆಯ ಪಟ್ಟಿಯಲ್ಲಿ ಕುಡಿಯುವ ನೀರು, ನೀರಾವರಿ, ಜಲವಿದ್ಯುತ್ತುಗಳಾದ ಮೇಲೆ ನೌಕಾಯಾನಕ್ಕೂ ಕೈಗಾರಿಕೆಗೂ ಸ್ಥಾನವಿತ್ತು, ಪರಿಸರಕ್ಕೆ ಇರಲಿಲ್ಲ. 2002ರ ಪಟ್ಟಿಯಲ್ಲಿ ಅದು ನಾಲ್ಕನೆಯದಾಗಿ ಬಂದು ಕುಳಿತಿತು. ನೀರನ್ನು ಹಂಚುವ ಪಟ್ಟಿಯಲ್ಲಿ ನದಿಯ ಹೆಸರೇ ಇಷ್ಟು ಕಾಲ ಬಿಟ್ಟುಹೋಗಿತ್ತು.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರೇನೋ ಎನಿಸುತ್ತದೆ. ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಪರಿಚಿತ. ಕೆರೆಯನ್ನು ಕಟ್ಟಿದವರಿಗೆ, ಕಾಯ್ದು ದುರಸ್ತಿ ಮಾಡುವವರಿಗೆಂದು ಬಿಟ್ಟ ಭೂಮಿಯ ದತ್ತಿಗಳವು. ನೀರುಂಡವರು ನೀರು ಕಾಯ್ದವರಿಗೆ ಪಾಲು ಕೊಡಬೇಕೆಂಬುದು ಅದರ ಧರ್ಮ. 1980ರ ಕರ ಇದನ್ನು ತಲೆಕೆಳಗು ಮಾಡಿ, ನೀರು ಕಾಣದವನಿಂದ ನೀರಿನ ಬೆಲೆ ಕೇಳಿತು. ಇಂದು ನಾವು ಮಹದಾಯಿಯ ನೀರು ಕೇಳುವಾಗ, ಅದನ್ನು ಹಿಡಿದಿಟ್ಟ ಕಣಕುಂಬಿ-ಭೀಮಗಡದ ಕಾಡಿಗೂ ಅಲ್ಲಿಯ ಜನಕ್ಕೂ ನಾವು ಬಿಡುವ ಬಿತ್ತುವಟ್ಟವೇನು? ಮಲಪ್ರಭೆಯ ಮೇಲ್ದಂಡೆಯಲ್ಲಿ ಕಬ್ಬು ಕುಡಿಯುತ್ತಿರುವ ನೀರಿನ ಲೆಕ್ಕವನ್ನು ನಮ್ಮೊಳಗೇ ಕೇಳುವ ಧೈರ್ಯ ನಮಗಿದೆಯೇ?

ಈ ವಿಚಾರವನ್ನೆಲ್ಲ ಒಂದು ಬೇಸಗೆಯಲ್ಲಿ ನನ್ನ ಅಕ್ಕನೆದುರು ಹೇಳಿದೆ. ಆಕೆಯನ್ನು ನವಲಗುಂದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಬಾವಿ ತೋಡಿದರೆ ಸವಳು ನೀರು; ಕೆರೆಯೊಂದೇ ಗತಿ. 2019ರಲ್ಲಿ ಬೆಣ್ಣಿಹಳ್ಳದ ಹೊಳೆ ಬಂದು ಹೊಲ ಕೊಚ್ಚಿದ್ದನ್ನೂ ಆಕೆ ಕಂಡವಳು, ಕೆರೆ ತಳ ಕಂಡ ವರ್ಷಗಳನ್ನೂ ಕಂಡವಳು. ಎಲ್ಲ ಕೇಳಿ, “ತಮ್ಮಾ, ನೀ ಹೇಳೂದು ಖರೇನ ಇದ್ದೀತು. ಆದ್ರ ಮಾತಿನಿಂದ ನನ್ನ ಕೊಡಾ ತುಂಬೂದಿಲ್ಲ” ಎಂದಳು.

ಆಕೆಯ ಮಾತನ್ನು ನಾನು ತಳ್ಳಿಹಾಕಲಾರೆ. ಅಂಕೋಲೆಯ ಆ ಹಿರಿಯರ ಪ್ರಶ್ನೆಯನ್ನೂ ಮರೆಯಲಾರೆ. ನನ್ನ ನಿಲುವು ಇಷ್ಟೇ: ಅಕ್ಕನ ಕೊಡಕ್ಕೆ ಬೇಕಾದ ನೀರು ಮೊದಲು ಆಕೆಯ ಊರನ್ನು ಮುಟ್ಟಬೇಕು, ಅದರಲ್ಲಿ ಚೌಕಾಸಿ ಸಲ್ಲದು. ಆದರೆ ಕೊಡದ ಹೆಸರು ಹೇಳಿ ಕಬ್ಬಿಗೆ, ಕಾರಖಾನೆಗೆ ನೀರೊಯ್ಯುವುದು ಆಕೆಗೂ ನದಿಗೂ ಮಾಡುವ ವಂಚನೆ. ಊರಿನ ಕೆರೆಯ ಹೂಳು ತೆಗೆಯದೆ ಪಕ್ಕದ ರಾಜ್ಯದ ಹಳ್ಳದತ್ತ ಕೈತೋರುವುದೂ ತಕ್ಕದ್ದಲ್ಲ. ಇನ್ನು, ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೆಂಬ ಮಾತನ್ನು ನಾನಂತೂ ಆ ಸಂಜೆಯ ನಂತರ ಯಾವ ಸಭೆಯಲ್ಲಿಯೂ ಆಡಿಲ್ಲ.